ಟೈಲರಕ್ಕ ಹೊಲಿದ ಬೆಲ್ಟು

ನಮ್ಮ ಬೀದಿಯಲ್ಲಿ ಬೆಳಗಾಗುವುದೇ ಬೈಗುಳದಿಂದ. ಒಂದು ಮನೆಯಲ್ಲಿ "ಎದ್ದೇಳೇ ಸೋಮಾರಿ" ಅಂತ ಕೂಗಿದರೆ, ಪಕ್ಕದ ಮನೆಯಲ್ಲಿ "ಮೊಬೈಲ್ ನೋಡೋಕಾದ್ರೆ ಕಣ್ಣು ತೆರೆಯುತ್ತೆ, ಶಾಲೆ ಅಂದ್ರೆ ಅಂಟ್ಕೊಳ್ಳುತ್ತೆ" ಅಂತ ಶುರುವಾಗುತ್ತದೆ. ಹೈಸ್ಕೂಲಿನ ಗಂಟೆ ಏಳಕ್ಕೆ ಹೊಡೆಯುತ್ತದೆ. ಶಾಲೆಯ ವ್ಯಾನು ಅದಕ್ಕೂ ಬಹಳ ಮುಂಚೆ ಬಂದು ಹೋಗುತ್ತದೆ. ಅದನ್ನು ಹಿಡಿಯಲಾಗದ ಮಕ್ಕಳನ್ನು ಅಪ್ಪಂದಿರು ಬೈಕಿನ ಹಿಂದೆ ಕೂರಿಸಿಕೊಂಡು ಬಿಟ್ಟು ಬರುತ್ತಾರೆ. ಹಿಂದೆ ಕೂತ ಮಕ್ಕಳು ದಾರಿಯುದ್ದಕ್ಕೂ ತೂಕಡಿಸುತ್ತಾರೆ.

ಇದಕ್ಕೊಂದು ಉಪಾಯ ಕಂಡುಹಿಡಿದವಳು ನಮ್ಮ ಟೈಲರಕ್ಕ. ಅವಳ ಗಂಡನಿಗೆ ಬೇಕರಿಯಲ್ಲಿ ಕೆಲಸ. ಮಗಳು ಹತ್ತನೇ ತರಗತಿ. ಒಂದು ದಿನ ಮಗಳು ತೂಕಡಿಸಿ ಪಕ್ಕಕ್ಕೆ ವಾಲಿದಳು. ಅಪ್ಪ ಹೇಗೋ ಹಿಡಿದುಕೊಂಡ. ಅವತ್ತು ಸಂಜೆಯೇ ಟೈಲರಕ್ಕ ಹಳೇ ಜೀನ್ಸ್ ಪ್ಯಾಂಟು ಕತ್ತರಿಸಿ, ಮೇಲಿಂದ ಮೇಲೆ ಹೊಲಿಗೆ ಹಾಕಿ, ಬಕಲ್ ಇಟ್ಟು ಒಂದು ಅಗಲವಾದ ಬೆಲ್ಟು ಹೊಲಿದಳು. ಅಪ್ಪನ ಸೊಂಟಕ್ಕೂ ಮಗಳ ಸೊಂಟಕ್ಕೂ ಸೇರಿಸಿ ಬಿಗಿದರೆ ಆಯಿತು. ಮಗಳು ನಿದ್ದೆ ಹೋದರೂ ಬೀಳುವುದಿಲ್ಲ.

ಬೀದಿಗೆ ಬೀದಿಯೇ ಮೆಚ್ಚಿತು. ಎದುರುಮನೆಯ ಮೆಕ್ಯಾನಿಕ್ಕು, ಮೂಲೆಮನೆಯ ಟೀಚರಮ್ಮ, ಎಲ್ಲರೂ "ನಮಗೂ ಒಂದು ಹೊಲಿದುಕೊಡಕ್ಕ" ಅಂತ ಬಂದರು. ಯಾವ ಬಣ್ಣ ಇದೆ ಅಂತಲೂ ಕೇಳಿದರು. ಮಕ್ಕಳು ಯಾಕೆ ಹೀಗೆ ನಿದ್ದೆಗೆಟ್ಟು ಒದ್ದಾಡುತ್ತಿದ್ದಾರೆ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ಬಹಳ ಬುದ್ಧಿವಂತರ ಬೀದಿ ನಮ್ಮದು.

ಒಂದು ಮುಂಜಾನೆ ಟೈಲರಕ್ಕನ ಮಗಳು ಎಂದಿನಂತೆ ಅಪ್ಪನ ಬೆನ್ನಿಗೆ ಕೆನ್ನೆಯೊತ್ತಿ ನಿದ್ದೆ ಹೋದಳು. ಬೆಲ್ಟು ಬಿಗಿಯಾಗಿದ್ದದ್ದರಿಂದ ಅಪ್ಪನಿಗೆ ಏನೂ ಗೊತ್ತಾಗಲಿಲ್ಲ. ಅವಳ ಕಾಲು ಜಾರಿ ಹಿಂದಿನ ಚಕ್ರದ ಕಡ್ಡಿಗಳ ನಡುವೆ ಸಿಕ್ಕಿತು. ಹಿಮ್ಮಡಿ ಸೀಳಿಹೋಯಿತು. ಬೈಕು ನಿಲ್ಲಿಸಿ ಅವಳನ್ನು ಎತ್ತಿಕೊಳ್ಳಲು ಹೋದರೆ ಅಪ್ಪನಿಗೆ ಬಹಳ ಹೊತ್ತು ಬಕಲ್ ಬಿಚ್ಚಲಾಗಲಿಲ್ಲ. ಟೈಲರಕ್ಕನ ಹೊಲಿಗೆಯೂ ಹರಿಯಲಿಲ್ಲ. ಅವಳ ಕೆಲಸ ಅಷ್ಟು ಗಟ್ಟಿ.

ಆಸ್ಪತ್ರೆಯಲ್ಲಿ ಗಾಯಕ್ಕೆ ಬ್ಯಾಂಡೇಜು ಕಟ್ಟಿದ ನರ್ಸು ಬೇರೆ ಯಾರೂ ಅಲ್ಲ, ಬೇಕರಿಯವನ ತಂಗಿ, ಹುಡುಗಿಯ ಅತ್ತೆ. ಕೆಲಸ ಮುಗಿಸಿ ಹೊರಗೆ ಬಂದವಳು ಬೆಂಚಿನ ಮೇಲೆ ಬಿದ್ದಿದ್ದ ಬೆಲ್ಟನ್ನು ಎತ್ತಿ ನೋಡಿದಳು.

"ಏನತ್ತಿಗೆ ಇದು?"

"ತೂಕಡಿಸಿ ಬೀಳ್ಬಾರ್ದು ಅಂತ ನಾನೇ ಹೊಲಿದಿದ್ದು ಕಣೇ," ಅಂದಳು ಟೈಲರಕ್ಕ.

"ಮೂಟೆ ಕಟ್ಟೋ ಹಾಗೆ ಕಟ್ಟಿ ಕಳಿಸ್ತಿದ್ರಾ ಮಗೂನ?"

ಬೇಕರಿಯವನಿಗೆ ಸಿಟ್ಟು ಬಂತು. "ಮತ್ತೇನ್ ಮಾಡ್ಬೇಕಿತ್ತು? ಬೇಗ ಮಲಗು ಅಂದ್ರೆ ಮಲಗಲ್ಲ, ಬೆಳಿಗ್ಗೆ ಏಳಲ್ಲ. ಮೊಬೈಲ್ ಕಿತ್ತಿಟ್ಟೆ, ಲೈಟ್ ಆರಿಸಿದೆ. ಕತ್ತಲಲ್ಲಿ ಕಣ್ಣು ಬಿಟ್ಕೊಂಡು ಬಿದ್ದಿರ್ತಾಳೆ. ಕೊಬ್ಬು, ಅಷ್ಟೇ."

"ಕೊಬ್ಬಲ್ಲ ಅಣ್ಣ, ವಯಸ್ಸು. ಈ ವಯಸ್ಸಲ್ಲಿ ಮೈಯೊಳಗಿನ ಗಡಿಯಾರಾನೇ ತಡವಾಗಿ ಓಡುತ್ತೆ. ಚಿಕ್ಕ ಮಕ್ಕಳಿಗೆ ನಿದ್ದೆ ಬರೋ ಹೊತ್ತಿಗೆ ಇವ್ರಿಗೆ ಬರಲ್ಲ. ಬಲವಂತವಾಗಿ ಮಲಗಿಸಿದ್ರೂ ಕಣ್ಣು ಹತ್ತಲ್ಲ. ಆದ್ರೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕೇ ಬೇಕು. ನೀವು ಅರ್ಧ ನಿದ್ದೇಲಿ ಎಳ್ಕೊಂಡು ಬಂದು ಬೈಕಿಗೆ ಕಟ್ತೀರ."

"ನಾನು ಕತ್ತಲಲ್ಲೇ ಎದ್ದು ಒಲೆ ಹಚ್ಚಲ್ವಾ? ನನಗಿಲ್ಲದ ಗಡಿಯಾರ ಇವಳಿಗೆಲ್ಲಿಂದ ಬಂತು?"

"ಇವಳ ವಯಸ್ಸಲ್ಲಿ ನಿನ್ನನ್ನ ಎಬ್ಬಿಸೋಕೆ ಅಮ್ಮ ಚಾಪೆ ಸಮೇತ ಅಂಗಳಕ್ಕೆ ಎಳೀತಿದ್ಲು, ಮರೆತ್ಯಾ? ಅಂಗಳದಲ್ಲೂ ಗೊರಕೆ ಹೊಡೀತಿದ್ದೆ ನೀನು."

ಆದರೂ ಬೇಕರಿಯವನು ಒಪ್ಪಲಿಲ್ಲ. ಮಗಳನ್ನು ಮನೆಗೆ ಕರೆದುಕೊಂಡು ಹೋದ.

ಅವನನ್ನು ಒಪ್ಪಿಸಿದವಳು ಮಗಳೇ. ಮರುದಿನ ಬಿಸಿಲೇರುವವರೆಗೂ ಅವಳನ್ನು ಯಾರೂ ಎಬ್ಬಿಸಲಿಲ್ಲ. ಗಾಯ ನೋಡಲು ಮನೆಗೆ ಬಂದ ಅತ್ತೆಯ ಕೈ ಹಿಡಿದು ಅವಳು ಮೆಲ್ಲಗೆ ಕೇಳಿದಳು, "ಅತ್ತೆ, ಇದು ನಿಧಾನಕ್ಕೆ ವಾಸಿಯಾಗೋ ಹಾಗೆ ಮಾಡೋಕಾಗುತ್ತಾ? ಇನ್ನೊಂದಷ್ಟು ದಿನ ನಿದ್ದೆ ಮಾಡ್ಬಹುದಲ್ಲ."

ಬನ್ನಿನ ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೆ ಇದು ಕೇಳಿಸಿತು. ನಿದ್ದೆಗೋಸ್ಕರ ಸೀಳಿದ ಕಾಲೇ ಇರಲಿ ಅನ್ನುತ್ತಿದ್ದಾಳೆ ಮಗಳು. ಅವನು ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟ.

ಮನೆಯಲ್ಲಿದ್ದಷ್ಟು ದಿನ ಅವಳು ಬೇರೆಯೇ ಹುಡುಗಿಯಾಗಿದ್ದಳು. ಸಿಡುಕು ಹೋಯಿತು. ತಲೆನೋವು ಅನ್ನಲಿಲ್ಲ. ತಲೆಗೇ ಹತ್ತದಿದ್ದ ಲೆಕ್ಕಗಳನ್ನು ಕೂತು ಬಿಡಿಸಿದಳು. ಅಮ್ಮನ ಜೊತೆ ಹರಟುತ್ತಾ ಅಂಗಿಗಳಿಗೆ ಗುಂಡಿ ಹೊಲಿದುಕೊಟ್ಟಳು. ಇಂಥ ಮಗಳು ತಮಗಿದ್ದಾಳೆ ಅನ್ನುವುದೇ ಆ ಮನೆಯವರಿಗೆ ಮರೆತುಹೋಗಿತ್ತು.

ಮುಂದಿನ ಪೋಷಕರ ಸಭೆಗೆ ಗಂಡ, ಹೆಂಡತಿ, ನಾದಿನಿ ಮೂವರೂ ಹೋದರು. ಟೈಲರಕ್ಕ ಆ ಬೆಲ್ಟನ್ನು ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟಳು. ಅದರ ಮೇಲಿನ ರಕ್ತದ ಕಲೆ ತೊಳೆದರೂ ಹೋಗಿರಲಿಲ್ಲ.

"ಚಿಕ್ಕ ಮಕ್ಕಳ ಶಾಲೆ ಎಂಟೂವರೆಗೆ, ದೊಡ್ಡವರದು ಏಳಕ್ಕೆ," ಅಂದಳು ನರ್ಸು. "ಚಿಕ್ಕವು ಎಬ್ಬಿಸದೇನೇ ಎದ್ದು ಮನೆಯೆಲ್ಲಾ ಕುಣೀತಿರ್ತವೆ. ಏಳೋಕಾಗದವರನ್ನೇ ಮೊದಲು ಕರೀತೀರಲ್ಲ ಸಾರ್? ಶಾಲೆ ಸಮಯಾನೂ ವ್ಯಾನಿನ ಎರಡು ಟ್ರಿಪ್ಪೂ ಅದಲುಬದಲು ಮಾಡಿ, ಸಾಕು."

ಬೇಕರಿಯವನು ಎದ್ದು ನಿಂತ. "ಹಿಟ್ಟು ಉಬ್ಬೋ ತನಕ ನಾನು ಕಾಯ್ತೀನಿ ಸಾರ್. ಕಾಯದಿದ್ರೆ ಬ್ರೆಡ್ಡು ಕಲ್ಲಾಗುತ್ತೆ ಅಂತ ಗೊತ್ತು. ಹಿಟ್ಟಿಗೆ ಕೊಟ್ಟ ಮರ್ಯಾದೇನ ಮಗಳಿಗೆ ಕೊಡ್ಲಿಲ್ಲ."

ಹೆಡ್‌ಮಾಸ್ಟರು ಕೆಟ್ಟವರೇನಲ್ಲ. ಬೆಲ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. "ನೀವು ಹೇಳೋದು ಸರಿ. ಸಮಯ ಬದಲಾಯಿಸೋದು ಆಗದ ಕೆಲಸ ಅಲ್ಲ. ಆದ್ರೆ ಎಷ್ಟು ಜನ ಪೋಷಕರು ಕೇಳಿದಾರೆ ಅಂತ ಆಡಳಿತ ಮಂಡಳಿ ನನ್ನ ಕೇಳುತ್ತೆ. ಇಷ್ಟು ವರ್ಷದಲ್ಲಿ ನೀವೇ ಮೊದಲು. ಮಿಕ್ಕವರಿಗೆ ತೊಂದರೆ ಇರೋ ಹಾಗೆ ಕಾಣಲ್ವಲ್ಲ."

ಖಂಡಿತ ಇಲ್ಲ. ಅವರ ಹತ್ತಿರ ಬೆಲ್ಟು ಇದೆಯಲ್ಲ.

ಆ ಹುಡುಗಿ ಈಗ ಸ್ವಲ್ಪ ಕುಂಟುತ್ತಾ ಶಾಲೆಗೆ ಹೋಗುತ್ತಾಳೆ, ಏಳು ಗಂಟೆಗೇ. ಟೈಲರಕ್ಕ ಬೆಲ್ಟು ಹೊಲಿಯುವುದನ್ನು ಬಿಟ್ಟಿದ್ದಾಳೆ. ಬೇಕು ಅಂತ ಹೋದವರಿಗೆ "ನನ್ನನ್ನೇನ್ ಕೇಳ್ತೀರ, ಶಾಲೇಲಿ ಹೋಗಿ ಕೇಳಿ" ಅನ್ನುತ್ತಾಳೆ.

ಇದನ್ನು ಓದುತ್ತಿರುವ ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಮನೆಯ ಮಗು ಸೋಮಾರಿಯಲ್ಲ. ಅದಕ್ಕೆ ನಿದ್ದೆ ಸಾಲುತ್ತಿಲ್ಲ. ರಾತ್ರಿ ಮೊಬೈಲು ದೂರ ಇಡಿಸಿ, ಒಳ್ಳೆಯದೇ. ಆದರೆ ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಹೈಸ್ಕೂಲು ಎಂಟೂವರೆಗಿಂತ ಮುಂಚೆ ಶುರುವಾಗಬಾರದು ಅಂತ ಬಾಯಿಬಿಟ್ಟು ಕೇಳಿ. ಮುಂದಿನ ಪೋಷಕರ ಸಭೆಗೆ ಬನ್ನಿ. ನಿಮ್ಮ ಮನೆಯ ಗೂಟದಲ್ಲೂ ಒಂದು ಬೆಲ್ಟು ನೇತಾಡುತ್ತಿದ್ದರೆ ಬರುವಾಗ ಅದನ್ನೂ ತನ್ನಿ. ಹೆಡ್‌ಮಾಸ್ಟರ ಮೇಜಿನ ಮೇಲೆ ಇನ್ನೂ ಬಹಳ ಜಾಗ ಇದೆ.