ನಿನ್ನೆ ಹೇಳಿದ ತಾರೀಖು

ಉಚ್ಚ ನ್ಯಾಯಾಲಯದಲ್ಲಿ ಸರ್ಕಾರದ ಪರವಾಗಿ ನಿಲ್ಲುವ ಅಡ್ವೊಕೇಟ್ ಜನರಲ್ ಆಗಿ ಅವಳು ಏಳು ತಿಂಗಳು ಕಳೆದಿದ್ದಳು. ನೇಮಕವಾದ ದಿನ ತಮ್ಮ ಕಾಲೆಳೆದಿದ್ದ: "ಜನರಲ್ ಅಂತಾರೆ, ಸೈನ್ಯ ಎಲ್ಲಿ ಅಕ್ಕಾ?" ಸೈನ್ಯವಿರಲಿಲ್ಲ. ಮೂರು ಕೋಣೆ, ಕಡತಗಳ ಭಾರಕ್ಕೆ ಬಾಗಿದ ಕಪಾಟು, ಅವಳ ಮಾತಿನ ಮೇಲೆ ನ್ಯಾಯಮೂರ್ತಿಗಳಿಗಿದ್ದ ನಂಬಿಕೆ, ಇಷ್ಟೇ ಆಸ್ತಿ.

ಆ ಬೆಳಿಗ್ಗೆ ಒಂಬತ್ತೂವರೆಗೆ ಗೃಹ ಇಲಾಖೆಯ ಗುಮಾಸ್ತೆ ಮೂಲ ಕಡತ ತಂದು ಮೇಜಿನ ಮೇಲಿಟ್ಟಳು. ಮುಷ್ಕರ ನಡೆಸಿದ್ದ ನರ್ಸ್ ಒಬ್ಬಳನ್ನು ವಿಚಾರಣೆಯಿಲ್ಲದೆ ಒಳಗಿಟ್ಟು ಹತ್ತೊಂಬತ್ತು ದಿನವಾಗಿತ್ತು. ಹನ್ನೆರಡರಂದು ಬಂಧನ, ಆದೇಶಕ್ಕೆ ಹನ್ನೊಂದರಂದೇ ಸಹಿ ಬಿದ್ದಿದೆ ಎಂದು ಜೆರಾಕ್ಸ್ ನೋಡಿ ಅಡ್ವೊಕೇಟ್ ಜನರಲ್ ನಿನ್ನೆ ಕೋರ್ಟಿಗೆ ಹೇಳಿದ್ದಳು. ಜೆರಾಕ್ಸಿನಲ್ಲಿ ಕಾಣದ್ದು ಮೂಲದಲ್ಲಿ ಕಣ್ಣಿಗೆ ಹೊಡೆಯಿತು: ಹದಿನಾಲ್ಕರ ನಾಲ್ಕನ್ನು ಬ್ಲೇಡಿನಿಂದ ಕೆರೆದು ಒಂದು ಮಾಡಿದ್ದರು. ಅಂದರೆ ಮೊದಲು ಹಿಡಿದು ಆಮೇಲೆ ಆದೇಶ ಬರೆದಿದ್ದರು.

ಗುಮಾಸ್ತೆ ಬಾಗಿಲ ಬಳಿಯೇ ನಿಂತಿದ್ದಳು.

"ನನ್ನ ಹೆಸರು ಬರುತ್ತಾ, ಮೇಡಂ?"

"ಮೂಲ ಬೇಕು ಅಂದಿದ್ದು ನಾನು. ಹಾಗಂತಲೇ ಬರೀತೀನಿ. ನೀವು ಹೋಗಿ."

ಕಾನೂನು ಕಾರ್ಯದರ್ಶಿಗೆ ಫೋನ್ ಮಾಡಿದಳು. ಆತ ಎಲ್ಲ ಕೇಳಿಸಿಕೊಂಡು ನಿಟ್ಟುಸಿರಿಟ್ಟ.

"ಯಾರೂ ಕೇಳ್ಲಿಲ್ವಲ್ಲ, ಮೇಡಂ. ನೀವ್ಯಾಕೆ ಹುತ್ತಕ್ಕೆ ಕೈ ಹಾಕ್ತೀರಿ? ಅಷ್ಟಕ್ಕೂ ನೀವು ಯಾರ ವಕೀಲರು?"

"ಸರ್ಕಾರದ ವಕೀಲೆ. ಮಂತ್ರಿಗಳ ಮನೆ ವಕೀಲೆಯಲ್ಲ."

"ನಿನ್ನೆ ಗೊತ್ತಿಲ್ದೆ ಹೇಳಿದ್ರಿ, ತಪ್ಪೇನಿಲ್ಲ."

"ಇವತ್ತು ಸುಮ್ನಿದ್ರೆ ಗೊತ್ತಿದ್ದೇ ಹೇಳಿದ ಹಾಗಾಗುತ್ತೆ."

"ನೋಡಿ ಮತ್ತೆ. ಕೂರಿಸಿದವರಿಗೆ ಎಬ್ಬಿಸೋದೇನೂ ಕಷ್ಟ ಅಲ್ಲ."

ಹತ್ತೂವರೆಗೆ ಇನ್ನು ಹದಿನೈದೇ ನಿಮಿಷ. ಗೌನು ಹಾಕಿಕೊಂಡು ಹೊರಟಳು. ಮೆಟ್ಟಿಲು ಹತ್ತುವಾಗ ಜ್ವರ ಎಂದು ಮನೆಗೆ ಹೋಗಿಬಿಡಲೇ ಎಂದೂ ಅನಿಸಿತು. ಕಡತವನ್ನು ಎದೆಗವಚಿಕೊಂಡಿದ್ದ ಕೈ ಬೆವರಿ, ರಟ್ಟಿನ ಬಣ್ಣ ಬೆರಳಿಗಂಟಿತ್ತು.

ನರ್ಸಿನ ವಕೀಲ ಬಾಯಿ ತೆರೆಯುವ ಮುನ್ನವೇ ಅವಳು ಎದ್ದಳು.

"ನಿನ್ನೆ ನಾನು ಹೇಳಿದ ತಾರೀಖು ತಪ್ಪು, ಸ್ವಾಮಿ. ಮೂಲ ಆದೇಶ ತಂದಿದ್ದೇನೆ. ದಯವಿಟ್ಟು ನೋಡಬೇಕು."

ಹಿರಿಯ ನ್ಯಾಯಮೂರ್ತಿಗಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕೆರೆದ ಗುರುತಿನ ಮೇಲೆ ಬೆರಳಾಡಿಸಿ ತಲೆಯೆತ್ತಿದರು.

"ಸರ್ಕಾರ ಏನನ್ನುತ್ತದೆ?"

"ಆದೇಶವನ್ನು ಸಮರ್ಥಿಸಬೇಕೆಂದು ನನಗೆ ಸೂಚನೆಯಿದೆ. ಇದನ್ನು ನೋಡಿದ ಮೇಲೆ ಅದು ನನ್ನಿಂದಾಗದು."

ಮಧ್ಯಾಹ್ನ ಬಿಡುಗಡೆಯ ಆದೇಶವಾಯಿತು.

ಮೊಗಸಾಲೆಯಲ್ಲಿ ನರ್ಸಿನ ಅತ್ತೆ ಎದುರಾದರು. ಕೈ ಮುಗಿಯುತ್ತಾರೇನೋ ಎಂದು ಇವಳಿಗೆ ಮುಜುಗರವಾಯಿತು. ಆಕೆ ಮುಗಿಯಲಿಲ್ಲ.

"ನಿನ್ನೆವರೆಗೂ ಬಿಡಬಾರದು ಅಂತಿದ್ದೋರು ನೀವೇ ಅಲ್ವಾ?"

"ಹೌದಮ್ಮ, ನಾನೇ."

ಆಕೆ ಇನ್ನೇನೂ ಕೇಳದೆ ಮೆಟ್ಟಿಲಿಳಿದು ಹೋದರು. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ಮೂರನೆಯ ದಿನ ರಾಜೀನಾಮೆ ಕೊಡಿ ಎಂಬ ಮಾತು ಬಂತು; ಕೊಟ್ಟಳು. ಮತ್ತೆ ತನ್ನ ಹಳೆಯ ಕಚೇರಿ, ಹಳೆಯ ಕಕ್ಷಿದಾರರು. ಗುಮಾಸ್ತೆಗೆ ವರ್ಗವಾಗಿಲ್ಲ, ನೋಟಿಸೂ ಬಂದಿಲ್ಲ. ಆದರೂ ಇಲಾಖೆಯವರು ಯಾರಾದರೂ ದಾರಿಯಲ್ಲಿ ಸಿಕ್ಕರೆ, ಕ್ಷೇಮಸಮಾಚಾರಕ್ಕೂ ಮೊದಲು ಆ ಗುಮಾಸ್ತೆ ಹುಡುಗಿಯ ವಿಷಯವನ್ನೇ ಕೇಳುತ್ತಾಳೆ.