ನಾಲ್ಕು ದಿಕ್ಕಿಗೂ ನೀರೇ ಚೆಕ್ಕುಬಂದಿ

ಸುನಂದಮ್ಮನ ಗಂಡ ಸಿದ್ದಯ್ಯ ಕುಡಿಯುವವನಲ್ಲ, ಇಸ್ಪೀಟು ಆಡುವವನಲ್ಲ, ಒಂದು ಬೀಡಿಯನ್ನೂ ಸೇದಿದವನಲ್ಲ. ಅವನಿಗಿದ್ದದ್ದು ಒಂದೇ ಚಟ, ಬದು. ತನ್ನ ಹೊಲಕ್ಕೂ ಪಕ್ಕದವರ ಹೊಲಕ್ಕೂ ನಡುವೆ ಇರುವ ಆ ಗೇಣಗಲದ ಮಣ್ಣಿನ ಮೇಲೆ ಅವನಿಗಿದ್ದ ಪ್ರೀತಿಯಲ್ಲಿ ಅರ್ಧ ಹೆಂಡತಿಯ ಮೇಲಿದ್ದಿದ್ದರೆ ಸುನಂದಮ್ಮ ಮಹಾರಾಣಿಯ ಹಾಗೆ ಇರುತ್ತಿದ್ದಳು.

ರಾವಂದೂರಿನ ಹತ್ತಿರದ ಅವರ ಊರಿನಲ್ಲಿ, ಪಕ್ಕದವರು ಹೊಗೆಸೊಪ್ಪು ಹದಮಾಡುವ ಬ್ಯಾರನ್ ಮನೆಯ ನೆರಳು ತನ್ನ ಹೊಲಕ್ಕೆ ಬೀಳುತ್ತದೆ ಎಂದು ಜಗಳ ತೆಗೆದ. ನೆರಳನ್ನು ಎತ್ತಿ ಅವರ ಕಡೆಗೆ ಇಟ್ಟುಕೊಳ್ಳಲಿ ಎಂಬುದು ಅವನ ವಾದ. ಆ ಹೊಲ ಕೊಟ್ಟು ಬೆಟ್ಟದಪುರದ ಕಡೆ ಹೋದರೆ, ಅಲ್ಲಿ ಕುಂಬಳದ ಬಳ್ಳಿಯ ಬೇರು ಇತ್ತ, ಕಾಯಿ ಬೇಲಿಯಿಂದ ಅತ್ತ. ಕಡೆಗೆ ಕೊಪ್ಪದಲ್ಲಿ ಬಾಡಿಗೆ ಮನೆ ಹಿಡಿದರು. ಹೊಲವೇ ಇಲ್ಲದ ಮೇಲೆ ಬದು ಎಲ್ಲಿಂದ ಬರಬೇಕು ಎಂದು ಸುನಂದಮ್ಮ ಉಸಿರು ಬಿಟ್ಟಳು. ಪಕ್ಕದ ಮನೆಯ ಒಗ್ಗರಣೆಯ ಘಾಟು ಗೋಡೆ ದಾಟಿ ಒಳಗೆ ಬಂತು, ಮುಗಿಯಿತು.

ಜಗಳವಾದರೆ ಆಗಲಿ, ಅವಳಿಗೆ ಉರಿಯುತ್ತಿದ್ದದ್ದು ಅದರ ಹಿಂದೆಯೇ ಬರುವ ಕಟ್ಟಳೆ. "ಬದ ಇರೋಗಂಟ ಆ ಮನೆ ಜೊತೆ ಮಾತಿಲ್ಲ ಕಣಮ್ಮಿ" ಎನ್ನುತ್ತಿದ್ದ ಸಿದ್ದಯ್ಯ. ಮಾತಿಲ್ಲ ಎಂದರೆ ಹೆಪ್ಪು ಕೇಳುವಂತಿಲ್ಲ, ಸಾರು ಕೊಡುವಂತಿಲ್ಲ, ಜಗಲಿಯ ಮೇಲೆ ಕೂತು ಅಕ್ಕಿ ಆರಿಸುತ್ತಾ ಹರಟುವಂತಿಲ್ಲ. ಹೋದ ಕಡೆಯಲ್ಲೆಲ್ಲ ಸುನಂದಮ್ಮ ಒಬ್ಬ ಗೆಳತಿಯನ್ನು ಸಂಪಾದಿಸುತ್ತಿದ್ದಳು, ಹೋದ ಕಡೆಯಲ್ಲೆಲ್ಲ ಇವನು ಕಳೆಯುತ್ತಿದ್ದ. ವಯಸ್ಸು ಐವತ್ತು ದಾಟಿತ್ತು. ಇನ್ನೊಬ್ಬಳನ್ನು ಕಳೆದುಕೊಳ್ಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಒಂದು ದಿನ ಸಿದ್ದಯ್ಯನಿಗೆ ಜ್ಞಾನೋದಯವಾಯಿತು. "ನಾಲ್ಕು ಕಡೀಕೂ ನೀರಿರೋ ಊರ್ಗೆ ಓಗಾಣ. ನೀರು ಒತ್ತುವರಿ ಮಾಡಕಿಲ್ಲ."

ಕೋಟೆ ತಾಲ್ಲೂಕಿನಲ್ಲಿ, ಕಬಿನಿಯ ಹಿನ್ನೀರಿನ ನಡುವೆ, ಅತ್ತಿಗಡ್ಡೆ ಮತ್ತು ಬಿದಿರುಗಡ್ಡೆ ಎಂಬ ಎರಡು ಪುಟ್ಟ ಊರುಗಳಿದ್ದವು. ಎರಡರಲ್ಲೂ ಒಂದೊಂದು ಮನೆ ಖಾಲಿ ಇದೆ ಎಂಬ ಸುದ್ದಿ ಸಿಕ್ಕಿ, ಗಂಡ ಹೆಂಡತಿ ಶ್ರಾವಣದಲ್ಲಿ ಹುಣಸೂರಿನ ಮೇಲೆ ಬಸ್ಸು ಹಿಡಿದು ಹೋದರು. ಕೆರೆ ಕಟ್ಟೆಗಳೆಲ್ಲ ತುಂಬಿದ್ದ ಕಾಲ, ಹಿನ್ನೀರು ಕಣ್ಣು ಹಾಯುವವರೆಗೂ ಹರಡಿತ್ತು. ತೆಪ್ಪ ಹಾಕುವ ದಾಸಯ್ಯ ಅವರನ್ನು ಮೊದಲು ಬಿದಿರುಗಡ್ಡೆಗೆ ಕರೆದೊಯ್ದ.

ಸಿದ್ದಯ್ಯ ಖಾಲಿ ಮನೆಯ ಸುತ್ತ ಹಗ್ಗ ಹಿಡಿದು ಅಳೆಯುತ್ತಿದ್ದಾಗ, ಪಕ್ಕದ ಮನೆಯ ಸಣ್ಣತಾಯಮ್ಮ ಬಂದು ಸುನಂದಮ್ಮನ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಯಾರು, ಎತ್ತ ಎಂದು ಕೇಳುವ ಮೊದಲೇ ಎದುರಿಗೆ ಮುದ್ದೆ ಇಟ್ಟಿದ್ದಳು. ಮುದ್ದೆ ಮುಗಿಯುವಷ್ಟರಲ್ಲಿ ಇಬ್ಬರೂ ತಮ್ಮ ತಮ್ಮ ಗಂಡಂದಿರನ್ನು ಬೈದು ಮುಗಿಸಿದ್ದರು.

"ನಮ್ಮನೆಯವ್ರೂ ಅಂಗೇ ಕಣಕ್ಕ" ಎಂದಳು ಸಣ್ಣತಾಯಮ್ಮ. "ಈ ಮನೆ ಮಾತ್ರ ಬ್ಯಾಡ. ಗೋಡೆಗೆ ಗೋಡೆ ಅಂಟ್ಕೊಂಡದೆ, ನಾಳೀಕೇ ಬಡ್ಕೋತಾರೆ. ಆ ಅತ್ತಿಗಡ್ಡೆ ಮನೆ ಇಡ್ಕೊ. ಈಗ ನಡುವೆ ನೀರದೆ. ಬ್ಯಾಸ್ಗೇಲಿ ನೀರಿಳಿದ್ರೆ ಎಲ್ಡೂ ಒಂದೇ ಗುಡ್ಡ. ಸೆರಗು ಸಿಗ್ಸ್ಕೊಂಡು ನಡ್ಕೊಂಡ್ ಬಂದ್ಬುಡ್ಬೋದು."

ಬೇಸಿಗೆಯಲ್ಲಿ ಕಬಿನಿ ಇಳಿಯುತ್ತದೆ ಎಂಬುದು ಕೋಟೆ ತಾಲ್ಲೂಕಿನ ಹಸುಗೂಸಿಗೂ ಗೊತ್ತು. ಸಿದ್ದಯ್ಯನಿಗೂ ಹೊಳೆಯಬೇಕಿತ್ತು. ಆದರೆ ಬದುವನ್ನೇ ನೋಡಿ ನೋಡಿ ಸವೆದ ಕಣ್ಣಿಗೆ ಅಷ್ಟು ದೊಡ್ಡ ನೀರು ಬರೀ ದೊಡ್ಡ ಬದುವಾಗಿ ಕಂಡಿತು. ಅತ್ತಿಗಡ್ಡೆಯ ತುದಿಯಲ್ಲಿದ್ದ ಒಂಟಿ ಮನೆಯ ಮುಂದೆ ನಿಂತು, ಪತ್ರಕ್ಕೆ ಚೆಕ್ಕುಬಂದಿ ಬರೆಸುವವನ ಹಾಗೆ, "ಮೂಡ್ಲಾಗಿ ಯಾರು?" ಎಂದು ದಾಸಯ್ಯನನ್ನು ಕೇಳಿದ.

"ನೀರು."

"ಪಡುವ್ಲಾಗಿ?"

"ನೀರೇ ಕಣಪ್ಪ. ಆದ್ರೆ ಬ್ಯಾಸ್ಗೇಲಿ ಮಾತ್ರ..."

ಸುನಂದಮ್ಮ ಥಟ್ಟನೆ ಎಲೆ ಅಡಿಕೆ ಮಡಚಿ ದಾಸಯ್ಯನ ಕೈಗಲ್ಲ, ನೇರ ಬಾಯಿಗೇ ತುರುಕಿದಳು. ಆಮೇಲೆ ಗಂಡನಿಗೆ ಕೇಳುವ ಹಾಗೆ ಗೊಳೋ ಎಂದಳು. "ಈ ಕಾಡು ಕೊಂಪೇಲಿ ನಾನಿರಕಿಲ್ಲ. ಮಾತಾಡ್ಸಕೆ ಒಂದ್ ನರಪಿಳ್ಳೆ ಇಲ್ಲ. ಬಿದಿರುಗಡ್ಡೇನೇ ಆಗ್ಬೇಕು!"

ಹೆಂಡತಿ ಬೇಡ ಎಂದ ಮೇಲೆ ಇನ್ನೇನು, ಸಿದ್ದಯ್ಯ ಅಲ್ಲೇ ನಿಶ್ಚಯ ಮಾಡಿಬಿಟ್ಟ. ಸುನಂದಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಕ್ಕದ್ದು ಯಾರಿಗೂ ಕಾಣಲಿಲ್ಲ.

ಮಳೆಗಾಲ, ಚಳಿಗಾಲ ನೆಮ್ಮದಿಯಾಗಿ ಕಳೆದವು. ಜಗಳವಿಲ್ಲದೆ ಸಿದ್ದಯ್ಯ ಸ್ವಲ್ಪ ಸೊರಗಿದ ಅಷ್ಟೆ. ಶಿವರಾತ್ರಿ ಆದ ಮೇಲೆ ಒಂದು ಬೆಳಿಗ್ಗೆ ಬಾಗಿಲು ತೆರೆದವನು ಕಿಟಾರನೆ ಕಿರುಚಿಕೊಂಡ. "ಅಮ್ಮೀ, ನನ್ ಚೆಕ್ಕುಬಂದಿ ಎಲ್ಲೋಯ್ತು?"

ಮೂಡಲ ಕಡೆಯ ನೀರು ಹತ್ತು ಮಾರು ದೂರ ಹಿಂದಕ್ಕೆ ಸರಿದಿತ್ತು. ಸಿದ್ದಯ್ಯ ಓಡಿಹೋಗಿ ಹೊಸ ಅಂಚಿನಲ್ಲಿ ಗೂಟ ಹೊಡೆದ. ಮರುದಿನ ನೀರು ಇನ್ನಷ್ಟು ಸರಿಯಿತು, ಗೂಟವೂ ಸರಿಯಿತು. ಹೀಗೆ ನೀರಿನ ಬೆನ್ನು ಹತ್ತಿ ಹೋಗುತ್ತಿದ್ದವನಿಗೆ, ಒಂದು ದಿನ ಗೂಟ ಹೊಡೆದು ತಲೆಯೆತ್ತಿದರೆ ಎದುರಿಗೇ ಇನ್ನೊಬ್ಬ ಗೂಟ ಹೊಡೆಯುತ್ತಿರುವುದು ಕಂಡಿತು. ಅವನು ಸಣ್ಣತಾಯಮ್ಮನ ಗಂಡ ಚಾಮಯ್ಯ. ಇಬ್ಬರ ನಡುವೆ ನೀರೇ ಇರಲಿಲ್ಲ.

ಆ ನೆಲ ಇಬ್ಬರದ್ದೂ ಅಲ್ಲ, ಅಣೆಕಟ್ಟೆಯ ನೀರಿನದು. ಮಳೆ ಬಂದರೆ ಮುಳುಗಿಹೋಗುವ ಆ ಕೆಸರಿನ ಮೇಲೆ ಇಬ್ಬರೂ ಸೇರಿ ಎಂಥ ಬದು ಕಟ್ಟಿದರು ಅಂತೀರಿ! ಅಷ್ಟು ಚೆಂದದ ಬದು ಸಿದ್ದಯ್ಯ ಬಿಟ್ಟು ಬಂದ ಪಿರಿಯಾಪಟ್ಟಣ ತಾಲ್ಲೂಕಿನಲ್ಲೂ ಇರಲಿಲ್ಲ. ಕಟ್ಟುವಾಗ ಸ್ನೇಹಿತರು, ಕಟ್ಟಿ ಮುಗಿಸಿದ ಮೇಲೆ ಶತ್ರುಗಳು. ಚಾಮಯ್ಯ ಬದುವಿನ ತಲೆಯವರೆಗೂ ಹುರುಳಿ ಚೆಲ್ಲಿದ. ಸಿದ್ದಯ್ಯ ಅದರಲ್ಲಿ ಒಂದು ಸಾಲು ನನ್ನ ಕಡೆ ಮೊಳೆತಿದೆ ಎಂದ.

ನೀರಿಳಿದ ಮೇಲೆ ಅಷ್ಟು ದಿನ ಸುನಂದಮ್ಮ ಸಣ್ಣತಾಯಮ್ಮನ ಜಗಲಿಗೆ ನಡೆದುಕೊಂಡು ಹೋಗಿ ಬರುತ್ತಿದ್ದಳು. ಆವತ್ತು ಸಂಜೆ ಸಿದ್ದಯ್ಯ ಕಾಲು ತೊಳೆದುಕೊಂಡು ಒಳಗೆ ಬಂದು, "ಬದ ಇರೋಗಂಟ ಆ ಮನೆ ಜೊತೆ ಮಾತಿಲ್ಲ" ಎಂದ.

ಸುನಂದಮ್ಮ ಒಲೆಯ ಮುಂದೆ ಕೂತು ಅತ್ತಳು. ಇಷ್ಟೆಲ್ಲ ಹೂಡಿದ್ದು ಈ ಒಬ್ಬ ಗೆಳತಿಗಾಗಿ. ಅವಳ ಮನೆ ಕೂಗಳತೆಯಲ್ಲಿತ್ತು, ಕೂಗುವಂತಿರಲಿಲ್ಲ. ಆಮೇಲೆ ಬೇಸಿಗೆಯುದ್ದಕ್ಕೂ ಇಬ್ಬರು ಹೆಂಗಸರೂ ತಮ್ಮ ತಮ್ಮ ಬಾಗಿಲಲ್ಲಿ ನಿಂತು ಸೌಟು ಆಡಿಸಿ, ಇವತ್ತು ಏನು ಸಾರು ಎಂದು ಸನ್ನೆಯಲ್ಲೇ ಹೇಳಿಕೊಂಡರು. ಹುರುಳಿ ಹುಲುಸಾಗಿ ಬೆಳೆಯಿತು. ಚಾಮಯ್ಯ ಒಂದು ದಿನ ಬೆಳಗಾಗುವ ಮೊದಲೇ ಎಲ್ಲವನ್ನೂ ಕಿತ್ತು ಮನೆಗೆ ಹೊತ್ತುಕೊಂಡು ಹೋದ. ಜಗಳ ಇನ್ನೊಂದು ಪಟ್ಟು ಏರಿತು.

ವಯನಾಡಿನ ಕಡೆ ಮಳೆ ಹಿಡಿಯಿತು, ನೀರು ಏರತೊಡಗಿತು. ಬೇರೆ ಯಾರಾದರೂ ಆಗಿದ್ದರೆ ಮನೆಗೆ ಹೋಗುತ್ತಿದ್ದರು. ಇವರಿಬ್ಬರು ಬದುವಿನ ಎರಡು ಕಡೆ ಕಾವಲು ನಿಂತರು. ನೀರು ಮೊಣಕಾಲಿಗೆ ಬಂದಾಗಲೂ ಬೈದಾಡಿದರು, ಸೊಂಟಕ್ಕೆ ಬಂದಾಗಲೂ ಬೈದಾಡಿದರು. ನಾನು ಮೊದಲು ಕದಲಿದರೆ ಇವನು ಗೂಟ ಸರಿಸುತ್ತಾನೆ ಎಂದು ಇಬ್ಬರಿಗೂ ಭಯ. ಕಡೆಗೆ ದಾಸಯ್ಯ ಬಂದು, ಒಬ್ಬೊಬ್ಬರನ್ನಾಗಿ ತೆಪ್ಪಕ್ಕೆ ಎಳೆದುಕೊಂಡು ದಡ ಸೇರಿಸಿದ. ಗೂಟಗಳು ತಾವಾಗಿಯೇ ಕಿತ್ತುಕೊಂಡು ತೇಲಿಹೋದವು.

ಸುನಂದಮ್ಮ ಗಂಡನಿಗೆ ಒಣಗಿದ ಪಂಚೆ ಕೊಟ್ಟು ಕೇಳಿದಳು. "ಬದ ಎಲ್ರೀ?"

ಸಿದ್ದಯ್ಯ ನೀರನ್ನೇ ನೋಡಿದ. "ಮುಳುಗೋಯ್ತು."

"ಬದ ಇರೋಗಂಟ ಮಾತಿಲ್ಲ ಅಂದಿದ್ರಿ. ಈಗಿಲ್ವಲ್ಲ?"

ಸಿದ್ದಯ್ಯ ಪಂಚೆ ಸುತ್ತಿಕೊಂಡ. ತನ್ನದೇ ಕಟ್ಟಳೆ, ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. "ಇಲ್ಲ" ಎಂದ.

ಸುನಂದಮ್ಮ ಎರಡು ಸೀರೆ ಗಂಟು ಕಟ್ಟಿ, ಹೆಪ್ಪಿನ ಲೋಟ ಹಿಡಿದು ತೆಪ್ಪದಲ್ಲಿ ಕೂತಳು. ದಾಸಯ್ಯ ಈ ಸಲ ತಾನಾಗಿಯೇ ಬಾಯಿ ಮುಚ್ಚಿಕೊಂಡಿದ್ದ.

"ಯಾವಾಗ ಬತ್ತೀಯಮ್ಮಿ?" ಎಂದು ಸಿದ್ದಯ್ಯ ದಡದಿಂದ ಕೂಗಿದ.

"ಬದ ಎದ್ದಾಗ! ನಡ್ಕೊಂಡೇ ಬತ್ತೀನಿ!"

ಬಿದಿರುಗಡ್ಡೆಯಲ್ಲಿ ಆ ಸಂಜೆ ಜಗಲಿಯ ಮೇಲೆ ಮೂವರೂ ಉಣ್ಣಲು ಕೂತರು. ಸುನಂದಮ್ಮ ಎಷ್ಟು ಮಾತಾಡಿದಳೆಂದರೆ ದವಡೆ ನೋಯತೊಡಗಿತು. ಆಗ ಆಚೆ ದಡದಿಂದ ಒಂದು ದನಿ ನೀರಿನ ಮೇಲೆ ತೇಲಿಬಂತು. ಸಿದ್ದಯ್ಯನ ದನಿ, ಆದರೆ ಬೈಗುಳ ಅಲ್ಲ.

"ಚಾಮಯ್ಯೋ! ಊಟ ಆಯ್ತಾ?"

ಸುನಂದಮ್ಮನ ತುತ್ತು ಕೈಯಲ್ಲೇ ನಿಂತಿತು. ಕಟ್ಟಿಕೊಂಡ ದಿನದಿಂದ ಅವನು ಪಕ್ಕದ ಮನೆಯವರನ್ನು ಹೀಗೆ ಕೇಳಿದ್ದನ್ನು ಅವಳು ಕಂಡಿರಲಿಲ್ಲ. ಕಣ್ಣು ತುಂಬಿಬಂತು.

ಚಾಮಯ್ಯ ಎದ್ದು ದಡಕ್ಕೆ ಹೋದ. "ಉಣ್ತಾ ಅವ್ನಿ ಕಣಯ್ಯ! ಹುರುಳಿ ಸಾರು!"

ಆಚೆ ದಡದ ದನಿ ಒಮ್ಮೆಲೇ ಗಡುಸಾಯಿತು.

"ಯಾವ್ ಹುರುಳಿ?"

"ಬದಿಂದೇ!"

"ಅಂಗಾರೆ ಅದ್ರಲ್ಲಿ ಅರ್ಧ ನಂದು!"

ಸಣ್ಣತಾಯಮ್ಮ ಗಾಬರಿಯಿಂದ ಪಾತ್ರೆಗೆ ಕೈ ಹಾಕಿದಳು. "ಕಳ್ಸಾಣ್ವಾ ಅಕ್ಕ?"

"ಬುಡು" ಎಂದಳು ಸುನಂದಮ್ಮ, ಕಣ್ಣೊರೆಸಿಕೊಂಡು ತಟ್ಟೆ ಮುಂದಕ್ಕೆ ತಳ್ಳುತ್ತಾ. "ಅವ್ರ ಅರ್ಧನೂ ನಂಗೇ ಬಡ್ಸು. ಬೇಕಾದ್ರೆ ಬಂದು ಉಣ್ಲಿ."