ಬೇಕಾದಷ್ಟು ಮಾತು

"ಪ್ರಾಣಿ ಎಲ್ಲಾನೂ ಕಲಿಯಲ್ಲ," ಎಂದು ಬೋರ್ಡಿಗೆ ಬೆನ್ನು ಕೊಟ್ಟು ಅವಳು ಹೇಳುತ್ತಿದ್ದಳು. "ಯಾವುದಕ್ಕೆ ಫಲ ಸಿಗುತ್ತೋ ಅದನ್ನ ಮಾತ್ರ ಕಲಿಯುತ್ತೆ. ಉಳಿದದ್ದು ಕಣ್ಣೆದುರಿಗೇ ಇದ್ರೂ ಇಲ್ಲದ ಹಾಗೆ."

"ಮನುಷ್ಯರೂ ಹಾಗೇನಾ ಮೇಡಂ?" ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

"ನನ್ನ ಪಾಠದಲ್ಲಿ ನೀವು ಪರೀಕ್ಷೆಗೆ ಬರೋದನ್ನ ಮಾತ್ರ ಕೇಳಿಸ್ಕೊಳ್ತೀರಲ್ಲ?"

ತರಗತಿ ನಕ್ಕಿತು. ಮನಶ್ಶಾಸ್ತ್ರ ಕಲಿಸಲು ತೊಡಗಿದಂದಿನಿಂದ ಈ ಮಾತಿಗೆ ನಗು ತಪ್ಪಿದ್ದಿಲ್ಲ. ಅದಕ್ಕೇ ಅವಳು ಅದನ್ನು ಬಿಟ್ಟಿರಲಿಲ್ಲ.

ಸಂಜೆ ಆಸ್ಪತ್ರೆಗೆ ಹೋದಳು. ಲಕ್ವ ಹೊಡೆದು ಮಾತು ಕಳೆದುಕೊಂಡಿದ್ದ ಅಮ್ಮ ಅಲ್ಲಿ ಮಗುವಿನ ಹಾಗೆ ಒಂದೊಂದೇ ಪದ ಕಲಿಯುತ್ತಿದ್ದಳು. ಥೆರಪಿಸ್ಟ್ ಚಿತ್ರಗಳನ್ನು ಎತ್ತಿ ಹಿಡಿಯುತ್ತಿದ್ದಳು.

"ನೀರು," ಎಂದಳು ಅಮ್ಮ. "ದಿಂಬು." ಬಾಗಿಲಲ್ಲಿ ಇಣುಕಿದ ಆಯಾಳನ್ನು ಕಂಡು, ಚಿತ್ರವಿಲ್ಲದೆಯೇ, "ಅಕ್ಕಯ್ಯಾ, ಬಾ," ಎಂದಳು. ಆಯಾ ಬಂದು ಅಮ್ಮನ ಬಾಯಂಚು ಒರೆಸಿ ಹೋದಳು.

ಕೊನೆಗೆ ಮಗಳ ಫೋಟೋ. ಅಮ್ಮ ಅದನ್ನು ಪರರ ಮನೆಯ ಆಲ್ಬಂ ನೋಡುವವರಂತೆ ಸಭ್ಯವಾಗಿ ನೋಡಿ ಸುಮ್ಮನಾದಳು.

"ದಿನಾ ಇದೇ ಕತೆ," ಎಂದಳು ಥೆರಪಿಸ್ಟ್. "ಬೇರೆ ಎಲ್ಲಾ ಬರ್ತಿದೆ. ಇದೊಂದು ಮಾತ್ರ ತಲೆಗೆ ಹತ್ತುತ್ತಿಲ್ಲ. ನಿಮ್ಮನ್ನ ಏನಂತ ಕರೀತಿದ್ರು?"

"ಗುಬ್ಬಿ ಅಂತ."

"ಆಗಾಗ ಮಾತಾಡ್ತಿದ್ರಾ?"

"ಅವರು ದಿನಾ ಫೋನ್ ಮಾಡೋರು."

"ನೀವು?"

"ಕೆಲಸ ಇರುತ್ತಲ್ಲ."

ಥೆರಪಿಸ್ಟ್ ಚಿತ್ರಗಳನ್ನು ಜೋಡಿಸಿಕೊಂಡು ಹೊರಟಳು.

ಫೋನನ್ನು ಕವುಚಿ ಹಾಕಿ, ಅದು ಮೇಜಿನ ಮೇಲೆ ಗುಂಯ್‌ಗುಟ್ಟಿ ಸುಮ್ಮನಾಗುವ ತನಕ ಕಾಯುತ್ತಿದ್ದ ಸಂಜೆಗಳು ಮಗಳಿಗೆ ನೆನಪಾದವು. ಕೊನೆಕೊನೆಗೆ ಅದು ಬೇಗ ಸುಮ್ಮನಾಗುತ್ತಿತ್ತು. ಆಮೇಲೆ ಬರುವುದೇ ನಿಂತಿತ್ತು. ಕಾಯಿಲೆಗೂ ಮುಂಚೆ. ಅಮ್ಮ ಆಗಲೇ ಕಲಿಯುತ್ತಿದ್ದಳು. ಪಾಠ ಹೇಳಿದ್ದು ತಾನೇ.

ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು, "ಅಮ್ಮಾ, ನಾನು. ಗುಬ್ಬಿ," ಎಂದಳು. ಇನ್ನೊಮ್ಮೆ ಎಂದಳು. ಯಾರಾದರೂ ಕೇಳಿಸಿಕೊಂಡರೆ ನಾಚಿಕೆಯಾಗಬೇಕು, ಅಷ್ಟು ಎಳೆಯ ದನಿಯಲ್ಲಿ ಮತ್ತೊಮ್ಮೆ.

ಅಮ್ಮನ ತುಟಿ ಅಲುಗಿತು. ಮಗಳು ಕಿವಿಗೊಟ್ಟು ಬಾಗಿದಳು.

"ಸ್ವಲ್ಪ... ಆಚೆ ಸರೀರಿ," ಎಂದಳು ಅಮ್ಮ. "ಬೆಳಕು."

ಹೆತ್ತ ಮಗಳಿಗೆ ಅಮ್ಮ ಬಹುವಚನ ಕೊಟ್ಟದ್ದು ಇದೇ ಮೊದಲು. ಅವಳು ಎದ್ದು ಪಕ್ಕಕ್ಕೆ ಸರಿದಳು.

"ಇನ್ನೂ."

ಸರಿದಳು. ಬೆನ್ನಿಗೆ ಗೋಡೆ ತಣ್ಣಗೆ ತಗುಲಿತು. ಇಳಿಬಿಸಿಲು ಖಾಲಿ ಕುರ್ಚಿಯ ಮೇಲೆ ಬಿತ್ತು. ಅದರಲ್ಲಿ ಯಾರೋ ಬಂದು ಕೂತ ಹಾಗೆ, ಅಮ್ಮ ಅತ್ತ ನೋಡಿ ನಕ್ಕಳು.